ಶ್ಯಾವಿಗೆಯ ಬೆಲೆ

ಮೊದಲೇ ಹೇಳಿಬಿಡುತ್ತೇನೆ, ಊಟ ಚೆನ್ನಾಗಿತ್ತು. ಪರದೇಶದ ಅಡುಗೆ ಎಂದರೆ ಮೂಗು ಮುರಿಯುವವರ, ‘ನಮ್ಮ ರೊಟ್ಟಿ ಪಲ್ಯದ ಮುಂದೆ ಅದೆಲ್ಲ ಯಾವ ಲೆಕ್ಕ’ ಎಂದು ಮೀಸೆ ತಿರುವುವವರ ಸಾಲಿಗೆ ನನ್ನನ್ನು ದಯವಿಟ್ಟು ಸೇರಿಸಬೇಡಿ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯ ಆಚೀಚೆ, ಗಾಜಿನ ಕಟ್ಟಡಗಳ ನಡುವೆ ಇರುವ ಒಂದು ಹೊಸ ಮಾದರಿಯ ಇಟಾಲಿಯನ್ ಹೋಟೆಲಿನಲ್ಲಿ ನಾನು, ನನ್ನ ಅಕ್ಕ, ನನ್ನ ಮಗಳು ಮೂವರೂ ಕೂತು ನೆಮ್ಮದಿಯಾಗಿ ಉಂಡು ಬಂದೆವು. ಬಂದು ಬಹಳ ದಿನಗಳಾದವು. ಆದರೆ ಅಕ್ಕ ಅಲ್ಲಿ ಕೇಳಿದ ಒಂದು ಮಾತು ಮಾತ್ರ ನನ್ನ ಗಂಟಲಲ್ಲೇ ಕೂತಿದೆ, ಕೆಳಗೂ ಇಳಿಯದು, ಮೇಲೂ ಬಾರದು.

ನಾವಿಬ್ಬರೂ ಸಂಬಂಧಿಕರ ಮದುವೆಯೊಂದಕ್ಕೆ ಧಾರವಾಡದಿಂದ ಬಂದಿದ್ದೆವು. ಮದುವೆ ಮುಗಿದ ಮರುದಿನ ಮಗಳು ‘ನಾಳೆ ನನ್ನ ಆಫೀಸಿನ ಹತ್ತಿರ ನಿಮ್ಮಿಬ್ಬರಿಗೂ ಊಟ ಹಾಕಿಸ್ತೀನಿ, ದೊಡ್ಡವ್ವ ಬರಲೇಬೇಕು’ ಎಂದು ಹಟ ಹಿಡಿದಳು. ಅವಳ ಆಫೀಸು ಇರುವುದು ಲ್ಯಾವೆಲ್ ರಸ್ತೆಯ ಪಕ್ಕ. ಹತ್ತೊಂಬತ್ತನೆಯ ಶತಮಾನದಲ್ಲಿ ಕೋಲಾರದ ನೆಲದಲ್ಲಿ ಚಿನ್ನ ಹುಡುಕಲು ಮೈಸೂರು ಸಂಸ್ಥಾನದಿಂದ ಪರವಾನಗಿ ಪಡೆದ ಮೈಕೇಲ್ ಲ್ಯಾವೆಲ್ ಎಂಬಾತನ ಹೆಸರು ಆ ರಸ್ತೆಗೆ. ‘ಈಗಲೂ ಇಲ್ಲಿ ಚಿನ್ನವನ್ನೇ ತೆಗೆಯುತ್ತಾರೆ, ಬಂದವರ ಪರ್ಸಿನಿಂದ’ ಎಂದು ನಾನು ನಗೆಯಾಡಿದೆ. ಮಗಳು ನಗಲಿಲ್ಲ. ದುಡ್ಡಿನ ಮಾತು ಎತ್ತಬಾರದೆಂದು ಕರಾರು ಮಾಡಿಸಿಕೊಂಡೇ ಕರೆದುಕೊಂಡು ಹೋಗಿದ್ದಳು.

ಒಳಗೆ ತಂಪು, ಮಂದ ಬೆಳಕು. ಅಕ್ಕ ಇಳಕಲ್ ಸೀರೆಯ ಸೆರಗನ್ನು ಹೊದ್ದು ಕುರ್ಚಿಯ ತುದಿಯಲ್ಲಿ ಕೂತಳು. ನಾನೂ ಹಾಗೆಯೇ ಕೂತಿದ್ದೆ ಎಂದು ಆಮೇಲೆ ಗೊತ್ತಾಯಿತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ನೆಪೋಲಿಯನ್ನನನ್ನೂ ಗ್ಯಾರಿಬಾಲ್ಡಿಯನ್ನೂ ತರಗತಿಯಲ್ಲಿ ಏರುದನಿಯಲ್ಲಿ ಮೆರೆಸಿದವಳು, ಒಂದು ಮುಳ್ಳುಚಮಚದ ಎದುರು ಕುಗ್ಗಿ ಕೂತಿದ್ದೆ. ಈ ಕುಗ್ಗುವಿಕೆ ನಮಗೆ ಎಲ್ಲಿಂದ ಬರುತ್ತದೋ! ನಮ್ಮ ಮನೆಗೆ ಬಂದವರು ಕೈಯಲ್ಲಿ ಉಣ್ಣಲು ತಡವರಿಸಿದರೆ ನಾವೇ ಓಡಿಹೋಗಿ ಚಮಚ ತಂದುಕೊಡುತ್ತೇವೆ. ನಾವು ಬೇರೆಡೆ ಹೋದಾಗ ತಡವರಿಸಿದರೆ ಅದೂ ನಮ್ಮದೇ ತಪ್ಪು.

ಬಡಿಸುವ ಹುಡುಗ ಮೊದಲು ಇಂಗ್ಲಿಷಿನಲ್ಲಿ ಶುರುಮಾಡಿದ. ಅಕ್ಕನ ಮಾತು ಕಿವಿಗೆ ಬಿದ್ದದ್ದೇ ತಡ, ‘ಅವ್ವಾರ, ನೀವು ಧಾರವಾಡ ಕಡೆಯವರೇನ್ರಿ? ನಾನು ರಾಣೆಬೆನ್ನೂರಿನಂವರಿ’ ಎಂದ. ಅಲ್ಲಿಂದ ಮುಂದೆ ಅಕ್ಕನ ಬೆನ್ನು ಕುರ್ಚಿಗೆ ತಾಗಿತು. ಅವಳು ಮೊಟ್ಟೆ ತಿನ್ನುವವಳಲ್ಲ. ಇಟಲಿಯ ಉತ್ತರದ ಬೊಲೋನ್ಯಾ ಸೀಮೆಯ ತಾಲ್ಯತೆಲ್ಲೆ ಎಂಬ ಪಟ್ಟಿಪಟ್ಟಿಯ ಶ್ಯಾವಿಗೆಗೆ ಮೊಟ್ಟೆ ಹಾಕಿ ಕಲಸುತ್ತಾರೆ, ದಕ್ಷಿಣದ ಓರೆಕ್ಕಿಯೆತ್ತೆಗೆ ಬರೀ ರವೆ ಮತ್ತು ನೀರು. ಹೀಗಾಗಿ ಮಗಳಿಗೆ ಮೊದಲಿನದು, ಅಕ್ಕನಿಗೆ ಎರಡನೆಯದು, ನನಗೆ ಅಣಬೆ ಹಾಕಿದ ರಿಸೊಟ್ಟೊ ಎಂಬ ಅನ್ನ. ಚೀಸಿನ ವಿಚಾರದಲ್ಲೂ ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ಪಾರ್ಮಿಜಾನೊ ರೆಜ್ಜಾನೊ ಎಂಬ ಅವರ ಹೆಸರಾಂತ ಚೀಸಿಗೆ ಹಾಲು ಒಡೆಯಲು ಬಳಸುವುದು ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಹುಡುಗ ಒಳಗೆ ಹೋಗಿ ವಿಚಾರಿಸಿ ಬಂದು, ಬೇರೆ ಚೀಸು ಹಾಕಿಸುವುದಾಗಿ ಹೇಳಿದ. ಇದನ್ನು ಹೇಳಿದ್ದು ನಿಮಗೂ ಉಪಯೋಗಕ್ಕೆ ಬರಲಿ ಎಂದು.

ಮೊದಲು ಬಂದದ್ದು ಸಲಾಡು. ಮೆನುವಿನಲ್ಲಿ ಅದರ ಹೆಸರು ‘ಫಾರೋ ಸಲಾಡ್’, ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ಟಸ್ಕನಿಯ ಪುರಾತನ ಧಾನ್ಯ, ನೋನ್ನಾ ಮಾಡುತ್ತಿದ್ದ ಹಾಗೆ’ ಎಂಬ ಅರ್ಥದ ಇಂಗ್ಲಿಷ್ ಒಕ್ಕಣೆ, ಎದುರಿಗೆ 790 ರೂಪಾಯಿ. ನೋನ್ನಾ ಎಂದರೆ ಇಟಾಲಿಯನ್ನರ ಅಜ್ಜಿ. ಬೆಂದ ಕಾಳಿನ ಜೊತೆ ಟೊಮೆಟೊ, ಸೌತೆ, ಯಾವುದೋ ಸೊಪ್ಪು, ಮೇಲೆ ಆಲಿವ್ ಎಣ್ಣೆ. ಅಕ್ಕ ಎರಡು ಕಾಳು ಬಾಯಿಗೆ ಹಾಕಿಕೊಂಡು ನಿಧಾನ ಅಗಿದಳು. ಮತ್ತೆರಡು ಕಾಳು ಬೆರಳಿಂದ ಎತ್ತಿ ಬೆಳಕಿಗೆ ಹಿಡಿದಳು.

‘ಇದು ಜವಿ ಗೋದಿ ಅಲ್ಲೇನ?’ ಎಂದಳು.

‘ಅಲ್ಲ ದೊಡ್ಡವ್ವಾ, ಇದು ಇಟಲಿಯಿಂದ ಬಂದದ್ದು’ ಎಂದಳು ಮಗಳು.

‘ಎಲ್ಲಿಂದರ ಬರಲಿ ಬಿಡು. ಜವಿ ಗೋದಿ ಜವಿ ಗೋದಿನ.’

ಮಗಳು ಫೋನಿನಲ್ಲಿ ಹುಡುಕಿದಳು. ಮುಖ ಸಣ್ಣಗೆ ಮಾಡಿಕೊಂಡು ನನ್ನ ಕಡೆ ತಿರುಗಿಸಿದಳು. ಇಟಲಿಯವರು ಫಾರೋ ಎಂದು ಕರೆಯುವುದು ಹೊಟ್ಟು ಬಿಡದೆ ಅಂಟಿಕೊಂಡಿರುವ ಮೂರು ಬಗೆಯ ಹಳೆಯ ಗೋಧಿಗಳನ್ನು. ಅದರಲ್ಲಿ ಮುಖ್ಯವಾದದ್ದು ಎಮ್ಮರ್. ಇಂಗ್ಲಿಷಿನ ಎಮ್ಮರ್ ಎಂದರೆ ನಮ್ಮ ಕಡೆಯ ಜವೆ ಗೋಧಿ. ಕೆಲವರು ಸದಕ ಎನ್ನುತ್ತಾರೆ, ಮರಾಠಿ ಗಡಿಯ ಕಡೆ ಕಪ್ಲಿ ಎನ್ನುತ್ತಾರೆ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರದ ರೈತರು ಹಿಂದಿನಿಂದಲೂ ಬೆಳೆಯುತ್ತ ಬಂದದ್ದು. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರೇ ಅದರ ಹೊಸ ತಳಿಗಳನ್ನು ಬಿಡುಗಡೆ ಮಾಡಿದ್ದಾರೆ. ನಾನು ಆ ಊರಲ್ಲೇ ಹುಟ್ಟಿ, ಜವೆ ಗೋಧಿಯ ಶ್ಯಾವಿಗೆ ತಿಂದು ಬೆಳೆದು, ಅದನ್ನು ಗುರುತಿಸಲಾರದೆ ಹೋದೆ. ಹೊರಗಿನ ಹೆಸರು ನೋಡಿ ನನ್ನ ನಾಲಿಗೆಯೇ ಮೋಸ ಹೋಯಿತು. ಅಕ್ಕ ಮೆನು ಓದಿರಲಿಲ್ಲ, ಹಾಗಾಗಿ ಅವಳು ಮೋಸ ಹೋಗಲಿಲ್ಲ.

ಟಸ್ಕನಿಯ ಗಾರ್ಫನ್ಯಾನಾ ಎಂಬ ಕಣಿವೆಯಲ್ಲಿ ಬೆಳೆಯುವ ಇದೇ ಗೋಧಿಗೆ 1996ರಲ್ಲೇ ಯುರೋಪಿನ ಭೌಗೋಳಿಕ ಮಾನ್ಯತೆ ಸಿಕ್ಕಿತು. ಅವರ ಗೋಧಿಗೆ ಬೆಲೆ ಬಂದದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ತಮ್ಮ ಅಜ್ಜಿಯರ ಕಾಳನ್ನು ಅವರು ಬಿಡದೆ ಹಿಡಿದುಕೊಂಡರು, ಹೆಸರು ಮಾಡಿಸಿದರು, ಸಂತೋಷ. ನಮ್ಮ ಹಳ್ಳಿಯ ಕಾಳು ನಮ್ಮದೇ ರಾಜಧಾನಿಯ ಮೇಜಿನ ಮೇಲೆ ಕೂರಲು ಟಸ್ಕನಿಯ ಶಿಫಾರಸು ಪತ್ರ ಹಿಡಿದು ಬರಬೇಕಲ್ಲ, ಅದಕ್ಕೆ ನನ್ನ ತಕರಾರು.

ನಾವು ಕೂತ ಮೇಜಿನ ಎದುರು ಗೋಡೆಗೆ ದೊಡ್ಡದೊಂದು ಕಪ್ಪು ಬಿಳುಪಿನ ಫೋಟೋ ಇತ್ತು. ತಲೆಗೆ ಬಟ್ಟೆ ಕಟ್ಟಿಕೊಂಡ ಮುದುಕಿಯೊಬ್ಬಳು ಉದ್ದನೆಯ ಲಟ್ಟಣಿಗೆಯಿಂದ ಹಿಟ್ಟು ಲಟ್ಟಿಸುತ್ತಿದ್ದಾಳೆ. ಮೊಣಕೈವರೆಗೆ ಹಿಟ್ಟು, ಕೈಯ ನರಗಳು ಉಬ್ಬಿವೆ. ನಮ್ಮವ್ವನ ಕೈಯೇ. ‘ಯಾರಪ್ಪ ಈಕಿ?’ ಎಂದು ಹುಡುಗನನ್ನು ಕೇಳಿದೆ. ಅವನು ತಲೆ ಕೆರೆದುಕೊಂಡು ‘ಗೊತ್ತಿಲ್ರಿ ಮೇಡಂ, ಡೆಕೋರೇಶನ್‌ಗೆ ಹಾಕ್ಯಾರ್ರಿ’ ಎಂದ. ಫೋಟೋದ ಪಕ್ಕದಲ್ಲೇ ಗಾಜಿನ ಗೋಡೆ, ಅದರಾಚೆ ಅಡುಗೆಮನೆ. ಈಗಿನ ಹೋಟೆಲುಗಳಲ್ಲಿ ಅಡುಗೆಮನೆಯನ್ನು ಎಲ್ಲರಿಗೂ ಕಾಣುವಂತೆ ಇಡುತ್ತಾರಷ್ಟೆ. ಬಿಳಿ ಕೋಟು ತೊಟ್ಟ ಐದು ಜನ ಅಲ್ಲಿ ಓಡಾಡುತ್ತಿದ್ದರು. ಐವರೂ ಗಂಡಸರು. ಹೆಂಗಸೆಂದರೆ ಗೋಡೆಯ ಮೇಲಿನ ಆ ಮುದುಕಿ ಒಬ್ಬಳೇ.

ಅಷ್ಟರಲ್ಲಿ ಅಕ್ಕನ ತಟ್ಟೆ ಬಂತು. ಓರೆಕ್ಕಿಯೆತ್ತೆ ಎಂದರೆ ಪುಟ್ಟ ಕಿವಿಗಳು ಎಂದರ್ಥ. ರವೆಯ ಕಣಕವನ್ನು ಹುರಿಮಾಡಿ, ಸಣ್ಣ ತುಂಡುಗಳಾಗಿ ಕೊಯ್ದು, ಒಂದೊಂದನ್ನೂ ಚಾಕುವಿನ ಮೊಂಡು ಅಲಗಿನಿಂದ ಎಳೆದು, ಹೆಬ್ಬೆರಳ ಮೇಲೆ ಮಗುಚಿ ಕಿವಿಯ ಆಕಾರ ಕೊಡುತ್ತಾರೆ. ಇಟಲಿಯ ದಕ್ಷಿಣದಲ್ಲಿ ಬಾರಿ ಎಂಬ ಬಂದರು ಪಟ್ಟಣವಿದೆ. ಅದರ ಹಳೆಯ ಓಣಿಗಳಲ್ಲಿ ಹೆಂಗಸರು ಮನೆಯ ಬಾಗಿಲ ಹೊರಗೆ ಮೇಜು ಹಾಕಿಕೊಂಡು ಇದನ್ನು ಮಾಡುತ್ತಾರೆ, ಜರಡಿಯಂಥ ತಟ್ಟೆಗಳಲ್ಲಿ ಒಣಹಾಕುತ್ತಾರೆ, ಅಲ್ಲೇ ಮಾರುತ್ತಾರೆ. ಬೇಸಗೆಯಲ್ಲಿ ನಮ್ಮ ಓಣಿಯ ಕಟ್ಟೆಗಳ ಮೇಲೆ ನಡೆಯುತ್ತಿದ್ದುದೂ ಇದೇ ತಾನೆ? ಅಕ್ಕ ಒಂದು ಕಿವಿಯನ್ನು ಎತ್ತಿ, ತಿರುಗಿಸಿ, ಒಳಗಿನ ಗುಳಿಗೆ ತನ್ನ ಹೆಬ್ಬೆರಳನ್ನು ಹಚ್ಚಿ ನೋಡಿದಳು.

‘ಚಲೋ ಕೈ ಅದ. ನಮ್ಮ ಗೌಲಿಗತೆ ಒಂದೊಂದ ಕೂತು ಮಾಡ್ಯಾರ. ಇದನ್ನ ಮಾಡಿದಾಕಿ ಒಳಗದಾಳೇನು?’

‘ಹೆಣ್ಮಕ್ಕಳ್ಯಾರೂ ಇಲ್ರಿ ಅವ್ವಾರ, ಹುಡುಗರ ಮಾಡತಾರ್ರಿ. ಅದಕ್ಕಂತನ ಒಬ್ಬಂವನ್ನ ಇಟ್ಟಾರ್ರಿ.’

‘ಪಗಾರ ಕೊಟ್ಟ?’

‘ಹೂಂ ಮತ್ತ, ಚಲೋ ಪಗಾರ ಐತ್ರಿ.’

ಅಕ್ಕ ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ನನ್ನ ಕಡೆ ತಿರುಗಿ, ‘ಗಂಡಸರಿಗೆ ಪಗಾರ ಕೊಟ್ಟು ಮಾಡಸ್ತಾರಂದ್ರ ಇದು ಕೆಲಸ ಅಂತಾತು. ಮತ್ತ ನಾವು ಮಾಡಿದ್ದಕ್ಕ ಏನಂತಾರ?’ ಎಂದು ಕೇಳಿದಳು. ಸಿಟ್ಟಿಲ್ಲ, ಕೊಂಕಿಲ್ಲ. ತಿಳಿಯದ್ದನ್ನು ಓದಿದ ತಂಗಿಯ ಹತ್ತಿರ ಕೇಳುವ ಧ್ವನಿ. ನಾನು ನೀರು ಕುಡಿದೆ. ಆ ನೀರಿಗೂ ಬಾಟಲಿಗೆ 250 ರೂಪಾಯಿ.

ನಾವು ಮಾಡಿದ್ದಕ್ಕೆ ಏನನ್ನುತ್ತಾರೆ ಎಂಬುದು ನಿಮಗೂ ಗೊತ್ತು. ‘ಕೈಗುಣ’ ಎನ್ನುತ್ತಾರೆ. ‘ಏನೇ ಹೇಳ್ರಿ, ಅವರ ಕೈರುಚಿ ಯಾರಿಗೂ ಬರೂದಿಲ್ಲ’ ಎನ್ನುತ್ತಾರೆ. ಎಷ್ಟು ಮುದ್ದಾದ ಮಾತುಗಳು! ಇವುಗಳಿಗೆ ಮಾರುಹೋಗಿ ನಾವು ಇನ್ನೂ ನಾಲ್ಕು ಸೇರು ಹಿಟ್ಟು ಜಾಸ್ತಿ ಕಲಸುತ್ತೇವೆ. ಕೈಗುಣ ಎಂದರೆ ಹುಟ್ಟಿನಿಂದ ಬಂದದ್ದು ಎಂದಾಯಿತು. ಕಲಿಯಲು ಪಟ್ಟ ಪಾಡಿಲ್ಲ, ತಿದ್ದಿ ತಿದ್ದಿ ಹದ ಹಿಡಿದ ವರ್ಷಗಳಿಲ್ಲ. ಹುಟ್ಟಿನಿಂದ ಬಂದದ್ದಕ್ಕೆ ಯಾರಾದರೂ ದುಡ್ಡು ಕೊಡುತ್ತಾರೆಯೇ? ಅದೇ ಹದವನ್ನು ಗಂಡಸೊಬ್ಬ ಹಿಡಿದರೆ ಅದು ವಿದ್ಯೆ, ಅದಕ್ಕೆ ಬಿಳಿ ಕೋಟು, ಉದ್ದ ಟೋಪಿ, ಮೆನುವಿನ ಮೊದಲ ಪುಟದಲ್ಲಿ ಹೆಸರು. ಬೆಂಕಿಗೆ ಬೀಳಲಿ ಈ ಕೈಗುಣ ಎಂದು ಆ ರಾತ್ರಿ ನನಗೆ ಅನ್ನಿಸಿದ್ದು ಸುಳ್ಳಲ್ಲ.

ಶ್ಯಾವಿಗೆ ಹೊಸೆಯುವುದೆಂದರೆ ಏನೆಂದು ಈಗಿನ ಹುಡುಗಿಯರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಜವೆ ಗೋಧಿಯ ಹೊಟ್ಟು ಸುಮ್ಮನೆ ಬಿಡುವುದಿಲ್ಲ, ಕುಟ್ಟಿಯೇ ಬಿಡಿಸಬೇಕು. ಬಿಡಿಸಿದ ಗೋಧಿಯನ್ನು ಒಡೆಸಿ, ಜರಡಿ ಹಿಡಿದು, ಸಣ್ಣ ರವೆ ಬೇರೆ ಮಾಡಬೇಕು. ನೀರು ಹಾಕಿ ನಾದಬೇಕು. ಅಂಗೈ ಉರಿಯುವವರೆಗೆ ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟು, ಮತ್ತೆ ನಾದಬೇಕು. ಹದ ಒಂದಿಷ್ಟು ತಪ್ಪಿದರೆ ಎಳೆ ಹರಿಯುತ್ತದೆ. ಮಣೆಯನ್ನು ಓರೆಯಾಗಿ ಆನಿಸಿ ಕೂತು ಒಬ್ಬಳು ಎಳೆ ಹೊಸೆಯುತ್ತ ಬಿಟ್ಟರೆ ಇನ್ನೊಬ್ಬಳು ಅದನ್ನು ಕೋಲಿನ ಮೇಲೆ ಹಿಡಿದು ಬಿಸಿಲಿಗೆ ಒಯ್ಯಬೇಕು. ಗಾಳಿ ಬಂದರೆ ಧೂಳಿನ ಚಿಂತೆ, ಮೋಡ ಬಂದರೆ ಮಳೆಯ ಚಿಂತೆ. ಇಬ್ಬರು ಬೆಳಗಿನಿಂದ ಕೂತರೆ ದಿನಕ್ಕೆ ಮೂರೋ ನಾಲ್ಕೋ ಕಿಲೋ. ಭಾವ 1998ರಲ್ಲಿ ತೀರಿಕೊಂಡ ಮೇಲೆ ಅಕ್ಕ ಬದುಕಿದ್ದು ಹೀಗೆ. ಬೇಸಗೆಯಲ್ಲಿ ಶ್ಯಾವಿಗೆ, ಗೌಲಿ, ಹಪ್ಪಳ, ಸಂಡಿಗೆ. ಉಳಿದ ತಿಂಗಳುಗಳಲ್ಲಿ ಚಟ್ನಿಪುಡಿ, ಶೇಂಗಾ ಹೋಳಿಗೆ. ಇಬ್ಬರು ಮಕ್ಕಳನ್ನು ಓದಿಸಿದಳು. ಆದರೂ ಜನಗಣತಿಯವರು ಬಂದಾಗ ‘ಉದ್ಯೋಗ?’ ಎಂದು ಕೇಳಿದರೆ, ‘ಏನೂ ಇಲ್ರಿ, ಮನಿಯಾಗ ಇರತೇನಿ’ ಎಂದು ಬರೆಸಿದ್ದಳು. ಪಕ್ಕದಲ್ಲೇ ಕೂತಿದ್ದ ನಾನು ತಿದ್ದಲಿಲ್ಲ.

ಬಿಲ್ಲಿನ ವಿಷಯಕ್ಕೆ ಬರುತ್ತೇನೆ. ಮಗಳ ಕರಾರು ಮುರಿದು ಅದನ್ನು ಇಸಿದುಕೊಂಡು ಓದಿದೆ. ಸಲಾಡು 790, ತಾಲ್ಯತೆಲ್ಲೆ 950, ಕಿವಿಗಳು 920, ನನ್ನ ಅನ್ನ 1050, ಎರಡು ಬಾಟಲಿ ನೀರು 500, ಮಗಳು ತರಿಸಿದ ತಿರಾಮಿಸು ಎಂಬ ಸಿಹಿ 640. ಒಟ್ಟು 4850. ಅದಕ್ಕೆ ಶೇಕಡ 10ರಂತೆ ಸೇವಾ ಶುಲ್ಕ 485. ಅದೆಲ್ಲದರ ಮೇಲೆ ಶೇಕಡ 5ರ ಜಿಎಸ್‌ಟಿ. ಕೊನೆಗೆ ಬಂದು ನಿಂತದ್ದು 5602ಕ್ಕೆ. ಈ ಸೇವಾ ಶುಲ್ಕ ಕೊಡಲೇಬೇಕಾದದ್ದಲ್ಲ. ಹೋಟೆಲಿನವರು ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಕೂಡದು ಎಂದು ಗ್ರಾಹಕರ ರಕ್ಷಣೆಯ ಕೇಂದ್ರ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತು. ಹೋಟೆಲಿನವರ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚಿಯಲ್ಲಿ ದೆಹಲಿ ಹೈಕೋರ್ಟು ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಮಗಳು ಇದನ್ನೆಲ್ಲ ಇಂಗ್ಲಿಷಿನಲ್ಲಿ ಮ್ಯಾನೇಜರನಿಗೆ ವಿವರಿಸಿದಳು. ಆತ ನಗುನಗುತ್ತ, ‘ಇದು ನಮ್ಮ ಹುಡುಗರಿಗೇ ಹೋಗುವುದು ಮೇಡಂ’ ಎಂದ. ನಾನು ರಾಣೆಬೆನ್ನೂರಿನ ಹುಡುಗನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ಶುಲ್ಕ ತೆಗೆಸಿ ಹೊಸ ಬಿಲ್ಲು ತರುವಷ್ಟರಲ್ಲಿ ಕಾಲುಗಂಟೆ ಕಳೆಯಿತು. ಅಕ್ಕ ಸೊಂಟದ ಚೀಲ ಬಿಚ್ಚಿ ಎರಡು ನೂರರ ನೋಟು ಆ ಹುಡುಗನ ಕೈಯಲ್ಲೇ ಇಟ್ಟಳು.

ಮೊದಲ ಬಿಲ್ಲಿನ ಮೊತ್ತಕ್ಕೆ ಅಕ್ಕನ ಇಪ್ಪತ್ಮೂರು ಕಿಲೋ ಶ್ಯಾವಿಗೆ ಬರುತ್ತಿತ್ತು. ಆಗ ಅವಳ ದರ ಕಿಲೋಗೆ 240 ರೂಪಾಯಿ. ಗೋಧಿ, ಗಿರಣಿ, ಜೊತೆಗೆ ಕೂಡುವ ಹೆಂಗಸಿನ ಕೂಲಿ ಎಲ್ಲ ಕಳೆದರೆ ಅವಳ ಕೈಯಲ್ಲಿ ಉಳಿಯುವುದು ಅರವತ್ತು ದಾಟದು. ಆ ರಸ್ತೆಯ ಬಾಡಿಗೆ, ಕರೆಂಟು, ಹದಿನೈದು ಜನರ ಪಗಾರ, ಸಮುದ್ರ ದಾಟಿ ಬಂದ ಎಣ್ಣೆ ಇವೆಲ್ಲ ಆ ಬಿಲ್ಲಿನಲ್ಲಿ ಸೇರಿರುತ್ತವೆ ಎಂಬುದು ನನಗೂ ತಿಳಿಯುತ್ತದೆ. ‘ಮಾರ್ಕೆಟ್ ಅವ್ವಾ, ಮಾರ್ಕೆಟ್’ ಎಂದು ಮಗಳು ದಾರಿಯುದ್ದಕ್ಕೂ ಹೇಳಿದಳು. ಇರಲಿ. ಅವರು ತಮ್ಮ ಖರ್ಚನ್ನೆಲ್ಲ ಲೆಕ್ಕ ಹಾಕಿ ಬೆಲೆಗೆ ಸೇರಿಸುತ್ತಾರೆ, ನಾಚಿಕೆಯಿಲ್ಲದೆ. ಸೇರಿಸಲಿ, ತಪ್ಪಿಲ್ಲ. ಅಕ್ಕ ತನ್ನ ಬೆನ್ನುನೋವನ್ನು, ಬಿಸಿಲನ್ನು, ನಲವತ್ತು ವರ್ಷದ ಹದವನ್ನು ಯಾವ ಲೆಕ್ಕಕ್ಕೆ ಸೇರಿಸಿದ್ದಾಳೆ? ಸೇರಿಸಿದರೆ ಕೊಳ್ಳಲು ನಾವೆಷ್ಟು ಜನ ತಯಾರಿದ್ದೇವೆ?

ಈಗ ನನ್ನದೇ ತಪ್ಪೊಂದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಾನು ಕೆಲಸದಲ್ಲಿದ್ದಾಗ ನಮ್ಮ ಶಾಲೆಯ ಟೀಚರೊಬ್ಬರು ಮಗಳ ಮದುವೆಗೆ ಐದು ಕಿಲೋ ಶ್ಯಾವಿಗೆ, ಎರಡು ಕಿಲೋ ಗೌಲಿ ಬೇಕೆಂದರು. ದರ ಕೇಳಿ, ‘ಇಷ್ಟ್ಯಾಕ್ರಿ? ಅಂಗಡಿಯಾಗ ಪಾಕೀಟು ಅರ್ಧಕ್ಕ ಸಿಗತದ’ ಎಂದರು. ನಾನು ಅಕ್ಕನನ್ನು ಒಂದು ಮಾತೂ ಕೇಳದೆ, ‘ನಮ್ಮ ಅಕ್ಕನ ಅಲ್ಲರಿ, ಕಡಿಮಿ ಮಾಡಿ ಕೊಡ್ತಾಳ ತಗೋರಿ’ ಎಂದುಬಿಟ್ಟೆ. ದೊಡ್ಡ ಉಪಕಾರ ಮಾಡಿದವಳ ಹಾಗೆ ಸ್ಟಾಫ್ ರೂಮಿನಲ್ಲಿ ಓಡಾಡಿದೆ. ಅಕ್ಕ ಒಂದು ಮಾತೂ ಆಡದೆ ಅದೇ ದರಕ್ಕೆ ಮಾಡಿಕೊಟ್ಟಳು. ಅದೇ ಟೀಚರ ಗಂಡ ಮನೆಪಾಠಕ್ಕೆ ತೆಗೆದುಕೊಳ್ಳುತ್ತಿದ್ದ ಫೀಜಿನಲ್ಲಿ ಒಂದು ರೂಪಾಯಿ ಕಡಿಮೆ ಮಾಡಿ ಎಂದು ಕೇಳುವ ಧೈರ್ಯ ನನಗಿತ್ತೇ? ಇನ್ನು ನನ್ನ ಮನೆಗಂತೂ ಪ್ರತಿ ಬೇಸಗೆಯಲ್ಲಿ ಒಂದು ಡಬ್ಬಿ ತುಂಬ ಶ್ಯಾವಿಗೆ ಪುಕ್ಕಟೆ ಬರುತ್ತಿತ್ತು. ಪಂಚಮಿಗೆ ನಾನೊಂದು ಸೀರೆ ಕೊಟ್ಟರೆ ಋಣ ತೀರಿತು ಎಂದುಕೊಳ್ಳುತ್ತಿದ್ದೆ. ಅದರಲ್ಲೇ ಒಂದಿಷ್ಟು ತೆಗೆದು ನನ್ನ ಯಜಮಾನರ ಸಾಹೇಬರ ಮನೆಗೂ ಕೊಟ್ಟು ಕಳಿಸಿದ್ದೇನೆ, ನನ್ನ ಹೆಸರಿನಲ್ಲಿ.

ಆದ್ದರಿಂದ ಗಾಜಿನ ಗೋಡೆಯಾಚೆಯ ಆ ಐವರ ಮೇಲೆ ಹರಿಹಾಯುವ ಮೊದಲು ನಾನು ನನ್ನ ಕೈ ನೋಡಿಕೊಳ್ಳಬೇಕು. ಹೆಂಗಸಿನ ಕೆಲಸಕ್ಕೆ ಬೆಲೆ ಇಳಿಸುವವರಲ್ಲಿ ಹೆಂಗಸರಾದ ನಾವೇ ಮುಂದಿದ್ದೇವೆ. ಬಟ್ಟೆ ಹೊಲಿಯುವವಳ ಹತ್ತಿರ, ಹೂ ಕಟ್ಟುವವಳ ಹತ್ತಿರ, ರೊಟ್ಟಿ ಬಡಿದು ಕೊಡುವವಳ ಹತ್ತಿರ ಐದು ಹತ್ತು ರೂಪಾಯಿಗೆ ಜಗ್ಗಾಡಿ ಗೆದ್ದು ಬರುತ್ತೇವೆ. ‘ಹೆಂಗೂ ಮನಿಯಾಗ ಇರತಾಳ, ಹೊತ್ತು ಹೋಗಲಿ ಅಂತ ಮಾಡತಾಳ’ ಎನ್ನುತ್ತೇವೆ. ಹೊತ್ತು ಹೋಗದೆ ಕಷ್ಟಪಡುತ್ತಿರುವ ಒಬ್ಬ ಹೆಂಗಸನ್ನಾದರೂ ನನಗೆ ತೋರಿಸಿ! ಕೇಂದ್ರ ಸರಕಾರ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಂತೆ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಅದೇ ಕೆಲಸಕ್ಕೆ ಕೈಹಚ್ಚುವ ಗಂಡಸರು ಕೊಡುವುದು 88 ನಿಮಿಷ. ಶ್ಯಾವಿಗೆ ಹೊಸೆಯಲು ಕೂಡುವುದು ಆ 289 ಮುಗಿದ ಮೇಲೆ.

‘ಪ್ರೀತಿಯಿಂದ ಮಾಡಿದ್ದಕ್ಕೆ ಬೆಲೆ ಕಟ್ಟಬಾರದು’ ಎಂದು ಇದನ್ನೋದುವ ಕೆಲವರು ಹೇಳಿಯಾರು. ಮನೆಯವರಿಗೆ ಪ್ರೀತಿಯಿಂದ ಬಡಿಸುವುದನ್ನು ನಾನು ಬೇಡವೆನ್ನುವುದಿಲ್ಲ. ಆದರೆ ಈ ಪ್ರೀತಿಯ ಮಾತು ಬರುವುದು ಹೆಂಗಸು ಹಣ ಕೇಳಿದಾಗ ಮಾತ್ರ ಯಾಕೆ? ಆ ಹೋಟೆಲಿನ ಮೆನುವಿನಲ್ಲೂ ‘ಪ್ರೀತಿಯಿಂದ’ ಎಂದು ಅಚ್ಚಾಗಿತ್ತು. ಅದರ ಎದುರೇ 920 ಎಂದೂ ಅಚ್ಚಾಗಿತ್ತು. ಒಂದು ಇನ್ನೊಂದಕ್ಕೆ ಅಡ್ಡ ಬಂದಂತೆ ಕಾಣಲಿಲ್ಲ.

ಊರಿಗೆ ಬಂದ ಮೇಲೆ ಗೋಡೆಯ ಮೇಲಿನ ಮುದುಕಿ ಬಿಡದೆ ಕಾಡಿದ್ದರಿಂದ ಇಟಲಿಯ ಅಡುಗೆಯ ಕಥೆಯನ್ನು ಸ್ವಲ್ಪ ಓದಿದೆ. ಅಲ್ಲಿಯೂ ಇದೇ ಹಾಡು. ನಾನುಂಡ ರಿಸೊಟ್ಟೊದ ಅಕ್ಕಿ ಬೆಳೆಯುವುದು ಉತ್ತರದ ಪೋ ನದಿಯ ಬಯಲಿನಲ್ಲಿ. ಒಂದು ಕಾಲಕ್ಕೆ ಆ ಗದ್ದೆಗಳ ಕಳೆ ಕೀಳಲು ದೂರದೂರದಿಂದ ಸಾವಿರಾರು ಬಡ ಹೆಂಗಸರು ಬರುತ್ತಿದ್ದರು. ಮೊಂದೀನೆ ಎಂದು ಅವರ ಹೆಸರು. ಮೊಣಕಾಲುದ್ದ ನೀರಿನಲ್ಲಿ ಬಾಗಿ ನಿಂತು ದಿನವಿಡೀ ದುಡಿಮೆ, ಸೊಳ್ಳೆ, ಜ್ವರ. ಕೂಲಿಯ ಒಂದು ಭಾಗ ಅಕ್ಕಿಯ ರೂಪದಲ್ಲಿ. ನಮ್ಮ ಕಡೆಯ ನಾಟಿಯ ಹೆಂಗಸರೇ ಕಣ್ಣಿಗೆ ಕಟ್ಟಿದರು. ವ್ಯತ್ಯಾಸವೆಂದರೆ ಅವರು ಕೈಗುಣದ ಹೊಗಳಿಕೆಗೆ ಕಾಯಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ವೆರ್ಚೆಲ್ಲಿ ಸೀಮೆಯಲ್ಲಿ ಮುಷ್ಕರ ಹೂಡಿ, ಎಂಟು ಗಂಟೆಗಿಂತ ಹೆಚ್ಚು ದುಡಿಯುವುದಿಲ್ಲ ಎಂದು ನಿಂತು ಗೆದ್ದರು. 1949ರಲ್ಲಿ ಜುಸೆಪ್ಪೆ ದೆ ಸಾಂತಿಸ್ ಅವರ ಬದುಕನ್ನೇ ಹಿನ್ನೆಲೆಯಾಗಿಟ್ಟು ಸಿನಿಮಾ ಮಾಡಿದ. ಅದರ ಹೆಸರಿನ ಅರ್ಥ ಕಹಿ ಅಕ್ಕಿ. ನನ್ನ ತಟ್ಟೆಯಲ್ಲಿ ಆ ಕಹಿ ಇರಲಿಲ್ಲ, ಬೆಣ್ಣೆ ಹಾಕಿ ಚೆನ್ನಾಗಿ ಮರೆಸಿದ್ದರು.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಇಟಲಿಯ ಮನೆಯಡುಗೆಗೆ ವೇದವೆಂಬಂಥ ಪುಸ್ತಕವನ್ನು 1891ರಲ್ಲಿ ಬರೆದವನು ಪೆಲ್ಲೆಗ್ರಿನೊ ಆರ್ತೂಸಿ. ಮದುವೆಯಾಗದ ಸಿರಿವಂತ ವ್ಯಾಪಾರಿ. ಅವನ ಮನೆಯಲ್ಲಿ ಪಾಕಗಳನ್ನು ಮಾಡಿ ನೋಡಿ ಹದ ಕಂಡುಹಿಡಿದವರು ಮರಿಯೆತ್ತಾ ಸಬತೀನಿ ಎಂಬ ಹೆಂಗಸು ಮತ್ತು ಫ್ರಾಂಚೆಸ್ಕೊ ಎಂಬ ಅಡುಗೆಯವನು. ಆರ್ತೂಸಿ ಪುಸ್ತಕದ ಒಂದು ಸಿಹಿಗೆ ಮರಿಯೆತ್ತಾಳ ಹೆಸರನ್ನೇ ಇಟ್ಟ. 1911ರಲ್ಲಿ ಅವನು ಸತ್ತಾಗ ಉಯಿಲಿನಲ್ಲಿ ಪುಸ್ತಕದ ಹಕ್ಕನ್ನು ಅವರಿಬ್ಬರಿಗೆ ಬರೆದಿಟ್ಟಿದ್ದ. ಮುಖಪುಟದ ಮೇಲೆ ಹೆಸರು ಮಾತ್ರ ಅವನದೇ ಉಳಿಯಿತೆನ್ನಿ. ಆದರೂ ಹೆಸರನ್ನೂ ಹಣವನ್ನೂ ಒಟ್ಟಿಗೆ ಕೊಟ್ಟ ಯಜಮಾನನ ಕಥೆ ನಮ್ಮಲ್ಲಿ ನೀವು ಎಷ್ಟು ಕೇಳಿದ್ದೀರಿ? ನಾನು ಅಕ್ಕನ ಶ್ಯಾವಿಗೆಯನ್ನು ನನ್ನ ಹೆಸರಲ್ಲಿ ಸಾಹೇಬರ ಮನೆಗೆ ಕಳಿಸಿದವಳು, ಆರ್ತೂಸಿಯ ಎದುರು ನಿಲ್ಲಲಾರೆ.

2025ರ ಡಿಸೆಂಬರ್ 10ರಂದು ಯುನೆಸ್ಕೊ ಇಟಲಿಯ ಅಡುಗೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಸಭೆ ನಡೆದದ್ದು ಎಲ್ಲಿ ಗೊತ್ತೇ? ನಮ್ಮ ದೆಹಲಿಯ ಕೆಂಪುಕೋಟೆಯಲ್ಲಿ. ಅದೇ ಸಭೆಯಲ್ಲಿ ನಮ್ಮ ದೀಪಾವಳಿಗೂ ಜಾಗ ಸಿಕ್ಕಿತು. ದೀಪಾವಳಿಯ ಹಿಂದಿನ ವಾರವಿಡೀ ಯಾರು ಒಲೆಯ ಮುಂದೆ ಕೂತಿರುತ್ತಾರೆ ಎಂಬುದನ್ನು ಆ ಸಭೆಯಲ್ಲಿ ಯಾರಾದರೂ ಕೇಳಿದರೋ ಏನೋ. ಪತ್ರಿಕೆಯಲ್ಲಿ ಸುದ್ದಿಯನ್ನು ಓದಿ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೆ. ‘ಪಟ್ಟಿಗಿ ಸೇರಿಸಿದ್ರ ಏನ ಕೊಡ್ತಾರ?’ ಎಂದು ಕೇಳಿದ್ದಳು. ಮಾನ ಕೊಡುತ್ತಾರೆ ಅಕ್ಕಾ ಎಂದಿದ್ದೆ. ‘ಹಂಗೇನ’ ಎಂದು ಫೋನು ಇಟ್ಟಿದ್ದಳು.

ಹೋಟೆಲಿನ ಊಟದ ನಂತರ ಬಂದ ಬೇಸಗೆಯಲ್ಲಿ ಡಬ್ಬಿ ಬರಲಿಲ್ಲ, ಫೋನು ಬಂತು. ಈ ಸಲ ಎಷ್ಟು ಕಿಲೋ ಬೇಕು, ಮೊದಲೇ ಹೇಳಬೇಕು, ಹೆಸರು ಬರೆದುಕೊಳ್ಳುತ್ತಿದ್ದೇನೆ ಎಂದಳು. ದರ ಎಷ್ಟಕ್ಕಾ ಎಂದೆ. ‘ನಾನೂರ. ಪೇಟೆಯಾಗಿನವರು ಇಬ್ಬರು ಮುಖ ಗಂಟ ಹಾಕ್ಕೊಂಡು ಹೋದ್ರು. ಹೋಗಲಿ. ನಾಕ ಮಂದಿ ಮಾತಾಡದ ಬರಸ್ಯಾರ. ಕೂಡಾಕ ಬರೂ ಶಾಂತವ್ವಗೂ ಕೂಲಿ ಹೆಚ್ಚ ಮಾಡೇನಿ’ ಎಂದಳು. ಸ್ವಲ್ಪ ತಡೆದು, ‘ನಿನಗೂ ಅಷ್ಟನವಾ’ ಎಂದಳು.

ಮೂರು ಕಿಲೋ ಬರೆದುಕೋ ಎಂದೆ. ಮಗಳಿಗೆ ಹೇಳಿ 1200 ರೂಪಾಯಿ ಫೋನಿನಿಂದಲೇ ಹಾಕಿಸಿದೆ. ಹಣ ಬಂತೆಂದು ಹೇಳಲು ಅಕ್ಕ ತಿರುಗಿ ಫೋನು ಮಾಡಿದಳು. ಹೋದ ವರ್ಷದ ಡಬ್ಬಿ ನನ್ನಲ್ಲೇ ಉಳಿದಿದೆಯಂತೆ, ಬರುವವರ ಕೈಯಲ್ಲಿ ಕಳಿಸಬೇಕಂತೆ.